ಇಂಗ್ಲಿಷ್ ಸಮಾಸಪದಗಳ ಒತ್ತು: ‘ಮೊದಲ ಪದಕ್ಕೇ ಒತ್ತು’ ಎಂಬ ನಿಯಮ ಎಲ್ಲೆಡೆ ಹೊಂದುತ್ತಿಲ್ಲ

ಪ್ರಶ್ನೆ

ನಮಸ್ಕಾರ. ಪದವಿ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಉಚ್ಚಾರಣೆ ಕಲಿಸುತ್ತಿದ್ದೇನೆ. ಎರಡು ಪದ ಕೂಡಿ ಆದ ನಾಮಪದದಲ್ಲಿ ಮೊದಲನೆಯದಕ್ಕೆ ಒತ್ತು ಎಂಬ ನಿಯಮ ಗ್ರೀನ್‌ಹೌಸ್, ಬಸ್ ಡ್ರೈವರ್, ವಾಷಿಂಗ್ ಮಷೀನ್‌ಗಳಿಗೆ ಸರಿಹೋಗುತ್ತದೆ. ಆದರೆ ನಿಘಂಟಿನ ಧ್ವನಿಮುದ್ರಣದಲ್ಲಿ ಆ್ಯಪಲ್ ಪೈ, ಕಿಚನ್ ಸಿಂಕ್ ಎಂಬಲ್ಲಿ ಎರಡನೆಯ ಪದಕ್ಕೆ ಒತ್ತು ಕೇಳಿಸುತ್ತದೆ. ಜೊತೆಗೆ, ವಿದ್ಯಾರ್ಥಿಗಳು ಗ್ರೀನ್‌ಹೌಸ್ ಎಂದಾಗ ಗಿಡ ಬೆಳೆಸುವ ಗಾಜಿನ ಮನೆಯ ಬದಲು ಹಸಿರು ಬಣ್ಣದ ಮನೆ ಎಂಬಂತೆ ಕೇಳುತ್ತದೆ. ದೋಷ ನಿಯಮದಲ್ಲಿದೆಯೋ ಉಚ್ಚಾರಣೆಯಲ್ಲಿದೆಯೋ ದಯವಿಟ್ಟು ತಿಳಿಸಿ.

ಉತ್ತರ

ಇವು ಎರಡು ಬೇರೆ ತೊಂದರೆಗಳು. ಮೊದಲು ನಿಯಮವನ್ನು ನೋಡೋಣ. ಸಮಾಸಪದಕ್ಕೆ ಮೊದಲಲ್ಲಿ, ಪದಪುಂಜಕ್ಕೆ ಕೊನೆಯಲ್ಲಿ ಪ್ರಧಾನ ಒತ್ತು ಎಂದು ಭಾಷಾವಿಜ್ಞಾನಿಗಳಾದ ನೋಮ್ ಚಾಮ್‌ಸ್ಕಿ ಮತ್ತು ಮಾರಿಸ್ ಹ್ಯಾಲೆ 1968ರಲ್ಲಿ ಎರಡು ಸೂತ್ರಗಳನ್ನು ಮಂಡಿಸಿದರು. ತರಗತಿಗಳಲ್ಲಿ ಹೇಳಿಕೊಡುವುದು ಬಹುಮಟ್ಟಿಗೆ ಅದರ ಸರಳ ರೂಪವೇ. ಅದು ಅಧಿಕಾಂಶ ಪದಗಳಿಗೆ ಸರಿ. ಉಳಿದವುಗಳಿಗೆ, ನಮ್ಮ ವಿದ್ಯಾರ್ಥಿಗಳು ಹೈಸ್ಕೂಲಿನಲ್ಲೇ ಕಲಿತಿರುವ, ಸಮಾಸವನ್ನು ಬಿಡಿಸಿ ಹೇಳುವ ವಿಗ್ರಹವಾಕ್ಯವನ್ನು ಬಳಸಿಕೊಳ್ಳುವುದು ಎಲ್ಲಕ್ಕಿಂತ ಉತ್ತಮವೆಂದು ನಾನು ನಂಬುತ್ತೇನೆ.

ಪೇಪರ್ ಕ್ಲಿಪ್ ಎಂದರೆ ಕಾಗದಕ್ಕಾಗಿ ಇರುವ ಕ್ಲಿಪ್. ಒತ್ತು ಪೇಪರ್ ಮೇಲೆ. ಪೇಪರ್ ಬ್ಯಾಗ್ ಎಂದರೆ ಕಾಗದದಿಂದಲೇ ಮಾಡಿದ ಚೀಲ. ಒತ್ತು ಬ್ಯಾಗ್ ಮೇಲೆ. ಇಂಗ್ಲಿಷ್ ಟೀಚರ್ ಎಂಬುದನ್ನು ‘ಇಂಗ್ಲಿಷನ್ನು ಕಲಿಸುವವರು’ ಎಂದು ಬಿಡಿಸಿದರೆ ಒತ್ತು ಮೊದಲಿಗೆ, ‘ಇಂಗ್ಲೆಂಡಿನವರಾದ ಶಿಕ್ಷಕರು’ ಎಂದು ಬಿಡಿಸಿದರೆ ಕೊನೆಗೆ. ಅಂದರೆ ಬಿಡಿಸಿದಾಗ ಮೊದಲ ಪದಕ್ಕೆ ವಿಭಕ್ತಿ ಸೇರುವ ತತ್ಪುರುಷದಂಥವುಗಳಲ್ಲಿ ಒತ್ತು ಸಾಮಾನ್ಯವಾಗಿ ಮೊದಲ ಪದದ ಮೇಲೆ ನಿಲ್ಲುತ್ತದೆ. ಆದರೆ ಮೊದಲ ಪದವು ವಸ್ತು ಯಾವುದರಿಂದ ಆಗಿದೆ, ಎಲ್ಲಿದೆ, ಯಾವಾಗಿನದು ಎಂಬುದನ್ನು ಹೇಳಿದರೆ ಒತ್ತು ಕೊನೆಯ ಪದಕ್ಕೆ ಸರಿಯುವುದು ಹೆಚ್ಚು. ಕಿಚನ್ ಸಿಂಕ್ ಅಡುಗೆಮನೆಯಲ್ಲಿರುವುದರಿಂದ ಈ ಎರಡನೆಯ ಗುಂಪಿಗೆ ಸೇರಿತು. ಎರಡೂ ಪದ ಸೇರಿ ಬೇರೊಂದನ್ನೇ ಸೂಚಿಸುವ, ಬಹುವ್ರೀಹಿಯಂತಿರುವ ರೆಡ್‌ಹೆಡ್, ಪೇಪರ್‌ಬ್ಯಾಕ್‌ಗಳಲ್ಲಿ ಒತ್ತು ಮೊದಲಿಗೇ. ಬ್ಲ್ಯಾಕ್‌ಬರ್ಡ್ ಬಿಡಿಸಲು ‘ಕಪ್ಪಾದ ಹಕ್ಕಿ’ ಎಂಬ ಕರ್ಮಧಾರಯವಾದರೂ ಒಂದು ಜಾತಿಯ ಹಕ್ಕಿಗೆ ಹೆಸರಾಗಿ ನೆಲೆಗೊಂಡಿರುವುದರಿಂದ ಅಲ್ಲಿಯೂ ಒತ್ತು ಮೊದಲಿಗೆ.

ಇನ್ನು ಉಚ್ಚಾರಣೆ. ಕನ್ನಡದಲ್ಲಿ ಒತ್ತು ಬದಲಾದ ಮಾತ್ರಕ್ಕೆ ಪದದ ಅರ್ಥ ಬದಲಾಗುವುದಿಲ್ಲವಾದ್ದರಿಂದ ನಮ್ಮವರು ಎರಡೂ ಪದಗಳನ್ನು ಸಮನಾಗಿ ನುಡಿಯುತ್ತಾರೆ. ಇಂಗ್ಲಿಷ್ ಕಿವಿಗೆ ಆಗ ಕೊನೆಯದೇ ಪ್ರಧಾನವಾಗಿ ಕೇಳುತ್ತದೆ. ಗ್ರೀನ್ ಎಂಬಲ್ಲಿ ಸ್ವರವನ್ನು ಎತ್ತರಿಸಿ, ಹೌಸ್ ಎನ್ನುವಾಗ ಇಳಿದ ಸ್ವರದಲ್ಲೇ ಮುಗಿಸಲು ಹೇಳಿ. ಮೊದಲ ಪದವನ್ನು ಜೋರಾಗಿ ಕೂಗಿಸುವುದಕ್ಕಿಂತ, ಎರಡನೆಯದರಲ್ಲಿ ಸ್ವರ ಮತ್ತೆ ಏರದಂತೆ ನೋಡಿಕೊಳ್ಳುವುದು ಮುಖ್ಯ. ಹೌಸ್ ಎಂಬುದರ ಸ್ವರಾಕ್ಷರವನ್ನು ಮಾತ್ರ ನುಂಗಬಾರದು. ಪೊಲೀಸ್‌ಮನ್ ಎಂಬಲ್ಲಿ ‘ಮ್ಯಾನ್’ ಸವೆದು ‘ಮನ್’ ಆದಂಥ ಸವೆತ ಕೆಲವು ಹಳೆಯ ಜೋಡಿಗಳಿಗಷ್ಟೇ ಸಲ್ಲುತ್ತದೆ.

ಮರುಪ್ರಶ್ನೆ

ವಿಗ್ರಹವಾಕ್ಯದ ದಾರಿ ತರಗತಿಗೆ ಬಹಳ ಅನುಕೂಲವಾಗಿದೆ, ಧನ್ಯವಾದಗಳು. ಆದರೆ ಸೇಬಿನಿಂದ ಮಾಡಿದ್ದೆಂದು ಆ್ಯಪಲ್ ಪೈಗೆ ಕೊನೆಯಲ್ಲಿ ಒತ್ತು ಬರುವುದಾದರೆ, ಆರೆಂಜ್ ಜ್ಯೂಸ್‌ಗೆ ಮೊದಲಲ್ಲಿ ಏಕೆ?

ಉತ್ತರ

ಇಲ್ಲಿ ಎರಡನೆಯ ಪದದ ರೂಢಿ ಅರ್ಥಕ್ಕಿಂತ ಬಲವಾಗಿದೆ. ಜ್ಯೂಸ್, ಕೇಕ್ ಎಂದು ಮುಗಿಯುವ ಜೋಡಿಗಳು ಮೊದಲ ಪದಕ್ಕೆ ಒತ್ತು ಕೊಡುತ್ತವೆ. ಪೈ ಎಂದು ಮುಗಿಯುವವು ಸಾಮಾನ್ಯವಾಗಿ ಕೊಡುವುದಿಲ್ಲ. ಬೀದಿಗಳ ಹೆಸರಿನಲ್ಲಂತೂ ಇದು ಸ್ಪಷ್ಟ: ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟ್‌ನಲ್ಲಿ ಒತ್ತು ಆಕ್ಸ್‌ಫರ್ಡ್ ಮೇಲೆ, ನ್ಯೂಯಾರ್ಕಿನ ಮ್ಯಾಡಿಸನ್ ಅವೆನ್ಯೂನಲ್ಲಿ ಅವೆನ್ಯೂ ಮೇಲೆ. ಇಂಥವನ್ನು ಕೊನೆಯ ಪದದ ಪ್ರಕಾರ ಗುಂಪು ಮಾಡಿ ಕಲಿಸಿರಿ. ಸಂದೇಹ ಬಂದಾಗ ಉಚ್ಚಾರಣೆಯ ನಿಘಂಟಿನಲ್ಲಿ ಗೆರೆಗಳನ್ನು ನೋಡಿ: ಒತ್ತು ಬೀಳುವ ಅಕ್ಷರಕ್ಕೆ (ಸಿಲಬಲ್) ಮೊದಲು ಮೇಲ್ಭಾಗದಲ್ಲಿರುವ ಸಣ್ಣ ಗೆರೆ ಪ್ರಧಾನ ಒತ್ತನ್ನು, ಕೆಳಭಾಗದಲ್ಲಿರುವುದು ಗೌಣ ಒತ್ತನ್ನು ಸೂಚಿಸುತ್ತದೆ.