ಮೈಸೂರಿನ ಪಾರಂಪರಿಕ ನಡಿಗೆ: ಯಾವ ಕಟ್ಟಡದಿಂದ ಆರಂಭಿಸಬೇಕು?

ಪ್ರಶ್ನೆ (ನಿವೃತ್ತ ಶಿಕ್ಷಕ, ಹುಬ್ಬಳ್ಳಿ)
ನಮ್ಮ ನಿವೃತ್ತ ಶಿಕ್ಷಕರ ಬಳಗವು ಮಾರ್ಗದರ್ಶಕರೊಬ್ಬರ ಜೊತೆ ಮೈಸೂರಿನ ಹಳೆಯ ಕಟ್ಟಡಗಳನ್ನು ನೋಡಲು ಒಂದು ಭಾನುವಾರವನ್ನು ಗೊತ್ತುಮಾಡಿದೆ. ಪ್ರವಾಸ ಏರ್ಪಡಿಸುವವರ ಪಟ್ಟಿಯಲ್ಲಿ ದೊಡ್ಡ ಅರಮನೆ, ಜಗನ್ಮೋಹನ ಅರಮನೆ, ಲಲಿತಮಹಲ್, ಸಂತ ಫಿಲೋಮಿನಾ ಚರ್ಚ್ ಎಲ್ಲವೂ ಇವೆ. ಬಸ್ಸಿನಿಂದ ಇಳಿದು, ಫೋಟೊ ತೆಗೆಸಿಕೊಂಡು, ಮತ್ತೆ ಬಸ್ಸು ಹತ್ತುವುದರಲ್ಲೇ ದಿನ ಕಳೆದೀತೆಂಬ ಅಳುಕು ನನಗಿದೆ. ಕಟ್ಟಡಗಳ ರಚನೆಯನ್ನು ತಿಳಿಯಬಯಸುವವರಿಗೆ ಯಾವ ಕ್ರಮ ಒಳ್ಳೆಯದು? ಕೆಲವರಿಗೆ ಮಂಡಿನೋವೂ ಇದೆ.

ಉತ್ತರ 1 (ಮೈಸೂರು)
ಸರ್, ಲಲಿತಮಹಲ್ ಮತ್ತು ಚರ್ಚನ್ನು ಈ ಸಲಕ್ಕೆ ಕೈಬಿಡಿ. ಅವು ದೂರದಲ್ಲಿವೆ, ಉಳಿದವು ಕಾಲ್ನಡಿಗೆಯ ಅಳತೆಯಲ್ಲಿವೆ. ಬೆಳಿಗ್ಗೆ ಏಳಕ್ಕೆ ರಂಗಾಚಾರ್ಲು ಪುರಭವನದಿಂದ ಹೊರಡಿ. ಅದರ ಎದುರಿನ ದೊಡ್ಡ ಗಡಿಯಾರವನ್ನು ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ 1927ರಲ್ಲಿ ಕಟ್ಟಿದರು. ಅದರ ಮುಖದ ಮೇಲಿರುವುದು ಕನ್ನಡ ಅಂಕಿಗಳು. ಅಲ್ಲಿಂದ ಚಿಕ್ಕ ಗಡಿಯಾರ, ದೇವರಾಜ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಕಟ್ಟಡ.

ನೋಟಕ್ಕಿಂತ ಹೆಚ್ಚು ಪಾಠ ಸಿಗುವುದು ಈ ಕೊನೆಯ ಎರಡರಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಮರದ ತೊಲೆಗಳ ಮೇಲೆ ಇಟ್ಟಿಗೆಗಳನ್ನು ಓರೆಯಾಗಿ ಜೋಡಿಸಿ, ಸುಣ್ಣದ ಗಾರೆ ಹಾಕಿ ಗಟ್ಟಿಮಾಡುವ ಇಲ್ಲಿನ ಮದ್ರಾಸ್ ತಾರಸಿ ಚಾವಣಿಯು ಮಳೆನೀರು ಒಳಗಿಳಿಯದಷ್ಟು ಕಾಲ ಬಾಳುತ್ತದೆ. ನೀರು ಇಳಿಯತೊಡಗಿದರೆ ಗೋಡೆಯೊಳಗೆ ಹುದುಗಿರುವ ತೊಲೆಯ ತುದಿಯು ಯಾರ ಕಣ್ಣಿಗೂ ಬೀಳದಂತೆ ಕೊಳೆಯುತ್ತದೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗವೂ 2016ರಲ್ಲಿ ಮಾರುಕಟ್ಟೆಯ ಉತ್ತರ ದ್ವಾರದ ಭಾಗವೂ ಕುಸಿದವು. ಕೆಡವಿ ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂಬ ವಾದ ಅಂದಿನಿಂದ ನಡೆದೇ ಇದೆ. (ದುರಸ್ತಿಯ ಪಕ್ಷದವನು ನಾನು.)

ಇದನ್ನು ಕಂಡ ಬಳಿಕ ದೊಡ್ಡ ಅರಮನೆಗೆ ಹೋದರೆ ಅದರ ಕಬ್ಬಿಣಕ್ಕೆ ಅರ್ಥ ಬರುತ್ತದೆ. ಹಳೆಯ ಮರದ ಅರಮನೆಯು 1897ರಲ್ಲಿ ಮದುವೆಯ ಸಂದರ್ಭದಲ್ಲಿ ಬೆಂಕಿಗೆ ಆಹುತಿಯಾದ್ದರಿಂದ, ಹೆನ್ರಿ ಇರ್ವಿನ್ ವಿನ್ಯಾಸದಲ್ಲಿ ಎದ್ದು 1912ರಲ್ಲಿ ಪೂರ್ಣಗೊಂಡ ಈಗಿನ ಅರಮನೆಯಲ್ಲಿ ಬೆಂಕಿ ತಾಳುವ ಸಾಮಗ್ರಿಗಳಿಗೆ ಒತ್ತು ಬಿತ್ತು. ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದಿಂದ ಬಂದವು.

ಉತ್ತರ 2 (ಬೆಂಗಳೂರು)
ಕ್ರಮವನ್ನು ಒಪ್ಪುತ್ತೇನೆ, ಭಾನುವಾರವನ್ನು ಮಾತ್ರ ಒಪ್ಪಲಾರೆ. ಆ ದಿನದ ಜನಜಂಗುಳಿಯಲ್ಲಿ ಕಲ್ಯಾಣ ಮಂಟಪದೊಳಗೆ ಮಾರ್ಗದರ್ಶಕರ ಮಾತು ಹಿಂದೆ ನಿಂತವರಿಗೆ ಕೇಳಿಸುವುದೇ ಇಲ್ಲ. ಅರಮನೆಯ ಬಾಗಿಲು ಹತ್ತಕ್ಕೆ ತೆರೆಯುತ್ತದೆ. ಒಳಗೆ ಬರಿಗಾಲಲ್ಲಿ ನಡೆಯಬೇಕು. ಮಂಡಿನೋವಿನವರು ಮಾರುಕಟ್ಟೆಯಿಂದ ಟಾಂಗಾದಲ್ಲಿ ಬಂದು, ದಣಿವಾರಿಸಿಕೊಂಡು ಒಳಹೋಗಲಿ.

ಪ್ರಶ್ನೆ ಕೇಳಿದವರು
ಭಾನುವಾರ ಸಂಜೆಯ ಅರಮನೆಯ ದೀಪಾಲಂಕಾರ ನೋಡಬೇಕೆಂಬ ಆಸೆಯಿಂದಲೇ ಭಾನುವಾರ ಆರಿಸಿದ್ದೆವು.

ಉತ್ತರ 1
ಹಾಗಿದ್ದರೆ ಭಾನುವಾರ ಮಧ್ಯಾಹ್ನವೇ ಊರು ತಲುಪಿ, ಸಂಜೆ ಏಳಕ್ಕೆ ದೀಪ ನೋಡಿ ತಂಗಿರಿ. ನಡಿಗೆಯನ್ನು ಸೋಮವಾರಕ್ಕೆ ಇಟ್ಟುಕೊಳ್ಳಿ. ಲ್ಯಾನ್ಸ್‌ಡೌನ್ ಕಟ್ಟಡವನ್ನು ರಸ್ತೆಯಿಂದಲೇ ನೋಡಬೇಕಾದೀತು ಎಂದು ಬಳಗಕ್ಕೆ ಮೊದಲೇ ತಿಳಿಸಿರಿ.