ಡಾಟ್ ಬಿಟ್ ಹೆಸರು ಡಿಎನ್‌ಎಸ್‌ಗೆ ಪರ್ಯಾಯವಾಗಬಲ್ಲುದೇ?

ಪ್ರಶ್ನೆ (ಹೊಸಬ):
ಜಾಲತಾಣದ ಹೆಸರನ್ನು ಅದರ ಗಣಕದ ವಿಳಾಸಕ್ಕೆ ಹೊಂದಿಸುವ ಸಾಮಾನ್ಯ ವ್ಯವಸ್ಥೆಯೇ ಡಿಎನ್‌ಎಸ್. ಅದರಲ್ಲಿರುವ ನನ್ನ ಜಾಲತಾಣದ ಡಾಟ್ ಇನ್ ಹೆಸರನ್ನು ನೋಂದಣಿ ಸಂಸ್ಥೆಯೊಂದು ಮುನ್ಸೂಚನೆಯಿಲ್ಲದೆ ಎರಡು ದಿನ ತಡೆಹಿಡಿದಿತ್ತು. ಅಂದಿನಿಂದ, ಯಾರ ಹಿಡಿತಕ್ಕೂ ಸಿಗದ ಬ್ಲಾಕ್‌ಚೈನ್ (ಹಲವು ಗಣಕಗಳು ಒಟ್ಟಾಗಿ ಕಾಯುವ, ಬ್ಲಾಕ್‌ಗಳೆಂಬ ಕಂತೆಗಳ ಸರಪಳಿಯಾಗಿ ಬೆಳೆಯುವ ದಾಖಲೆ) ಹೆಸರುಗಳತ್ತ ಮನಸ್ಸು ಹೊರಳಿದೆ. ಅಂಥ ಒಂದು ಬ್ಲಾಕ್‌ಚೈನ್ ಆದ ನೇಮ್‌ಕಾಯಿನ್‌ನ ಡಾಟ್ ಬಿಟ್ 2011ರಿಂದಲೂ ಇದೆ. ನನ್ನ ಹೆಸರನ್ನು ಅಲ್ಲಿಗೆ ಒಯ್ಯಬಹುದೇ?

ಉತ್ತರ (ಕೀಲಿಕಾರ):
ಡಾಟ್ ಇನ್ ಹೆಸರನ್ನೇ ಒಯ್ಯಲಾಗದು, ಆದರೆ ಅದೇ ಹೆಸರನ್ನು ಬೇರೆಯವರು ಹಿಡಿದಿರದಿದ್ದರೆ ಡಾಟ್ ಬಿಟ್‌ನಲ್ಲಿ ಹೊಸದಾಗಿ ಪಡೆಯಬಹುದು. ನೇಮ್‌ಕಾಯಿನ್ ಬಿಟ್‌ಕಾಯಿನ್ ತಂತ್ರಾಂಶದಿಂದ ಕವಲೊಡೆದದ್ದು. ಅಲ್ಲಿ ನೋಂದಣಿ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲು ಹೆಸರಿನೊಂದಿಗೆ ಗುಟ್ಟಿನ ಸಂಖ್ಯೆಯೊಂದನ್ನು ಬೆರೆಸಿ ಅದರ ಹ್ಯಾಶ್ (ಮೂಲವನ್ನು ಬಿಟ್ಟುಕೊಡದ ಗಣಿತದ ಬೆರಳಚ್ಚು) ಮಾತ್ರ ದಾಖಲಿಸಿ, 12 ಬ್ಲಾಕ್‌ಗಳು, ಎಂದರೆ ಸುಮಾರು ಎರಡು ಗಂಟೆ ಕಾದು, ಆಮೇಲೆ ಹೆಸರನ್ನು ಬಯಲುಮಾಡಬೇಕು. ಹೀಗೆ ಮಾಡದಿದ್ದರೆ ನಿಮ್ಮ ವಹಿವಾಟನ್ನು ಕಂಡವರು ಅದೇ ಹೆಸರನ್ನು ನಿಮಗಿಂತ ಮೊದಲೇ ಹೊಡೆದುಕೊಳ್ಳಬಹುದು. 36,000 ಬ್ಲಾಕ್‌ಗಳೊಳಗೆ, ಅಂದರೆ ಸುಮಾರು 250 ದಿನಗಳೊಳಗೆ ನವೀಕರಿಸದಿದ್ದರೆ ಹೆಸರು ಹೋದಂತೆಯೇ. ಹೆಸರಿನ ಒಡೆತನವನ್ನು ಸಾಬೀತುಪಡಿಸುವ ಗುಪ್ತ ಸಂಖ್ಯೆಯಾದ ಖಾಸಗಿ ಕೀಲಿ ಕಳೆದರೂ ಅಷ್ಟೇ. ಯಾರ ಬಾಗಿಲನ್ನೂ ತಟ್ಟುವಂತಿಲ್ಲ.

ಉತ್ತರ (ಹಳೆಯ ನೋಡ್):
ಕೀಲಿಕಾರರು ಹೇಳಿದ್ದು ಸರಿ, ಆದರೆ ಮುಖ್ಯ ತೊಡಕು ಓದುಗರ ಕಡೆಯಲ್ಲಿದೆ. ಸಾಮಾನ್ಯ ಬ್ರೌಸರ್‌ಗೆ ಡಾಟ್ ಬಿಟ್ ಎಂದರೇನೆಂದೇ ತಿಳಿಯದು. ಓದುಗರು ಪ್ರತ್ಯೇಕ ತಂತ್ರಾಂಶ ಹಾಕಿಕೊಳ್ಳಬೇಕು, ಇಲ್ಲವೇ ಮತ್ತೊಬ್ಬರ ಸರ್ವರ್ ಕೊಟ್ಟ ವಿಳಾಸವನ್ನು ನಂಬಬೇಕು. ಎರಡನೆಯದಾದರೆ ನೀವು ಬೇಡವೆಂದ ಮಧ್ಯವರ್ತಿ ಹಿಂಬಾಗಿಲಿನಿಂದ ಬಂದಂತಾಯಿತು. ಅಂಥ ಸೇವೆ ಕೊಡುತ್ತಿದ್ದ ಓಪನ್‌ನಿಕ್, ದುರುದ್ದೇಶದ ತಂತ್ರಾಂಶಗಳು ಈ ಹೆಸರುಗಳ ಮರೆಯಲ್ಲಿ ಅಡಗುತ್ತಿದ್ದ ಕಾರಣಕ್ಕೆ 2019ರಲ್ಲಿ ಡಾಟ್ ಬಿಟ್ ಅನ್ನು ಕೈಬಿಟ್ಟಿತು. ಯಾರೂ ಕಿತ್ತುಕೊಳ್ಳಲಾಗದ ಹೆಸರನ್ನು ಕಳ್ಳನಿಂದಲೂ ಕಿತ್ತುಕೊಳ್ಳಲಾಗದು.

ಡಾಟ್ ಬಿಟ್ ಹೆಸರುಗಳು ಅಗ್ಗವಾದದ್ದೂ ಕೆಡುಕೇ ಆಯಿತು. ಪ್ರಿನ್ಸ್‌ಟನ್‌ನ ಸಂಶೋಧಕರು 2015ರಲ್ಲಿ ಲೆಕ್ಕಹಾಕಿದಾಗ, ಸುಮಾರು 1,20,000 ಹೆಸರುಗಳಲ್ಲಿ ನಿಜವಾದ ಬಳಕೆಯಲ್ಲಿದ್ದವು 28 ಮಾತ್ರ. ಉಳಿದವುಗಳಲ್ಲಿ ಹೆಚ್ಚಿನವು ಮುಂದೆ ಮಾರಲೆಂದು ಹಿಡಿದಿಟ್ಟವು. ಇನ್ನೊಂದು ಬ್ಲಾಕ್‌ಚೈನ್ ಆದ ಎಥೀರಿಯಮ್‌ನ ಡಾಟ್ ಎಥ್ ಹೆಸರುಗಳಿಗೆ ವಾರ್ಷಿಕ ಬಾಡಿಗೆ ಇರುವುದು ನನಗೆ ಮೊದಲು ಹಿಡಿಸಿರಲಿಲ್ಲ, ಈಗ ಅದೇ ಜಾಣತನವೆನಿಸುತ್ತದೆ.

ಉತ್ತರ (ಲಿಪಿಪ್ರಿಯ):
ಕನ್ನಡ ಅಕ್ಷರಗಳಲ್ಲಿ ಹೆಸರು ಪಡೆಯುವ ಯೋಚನೆಯಿದ್ದರೆ ಇನ್ನೊಂದು ಮಾತು. ಅನುಸ್ವಾರ ಬಳಸಿ ಬರೆದ ‘ಬೆಂಗಳೂರು’, ಕನ್ನಡದ ಸೊನ್ನೆ ಅಂಕಿ ಬಳಸಿ ಬರೆದ ‘ಬೆ೦ಗಳೂರು’ ಕಣ್ಣಿಗೆ ಒಂದೇ, ಸರಪಳಿಗೆ ಎರಡು. ಎರಡಕ್ಕೂ ಬೇರೆ ಬೇರೆ ಒಡೆಯರಿರಬಹುದು.

ಹೊಸಬ:
ಎಲ್ಲರಿಗೂ ಧನ್ಯವಾದಗಳು. ಡಾಟ್ ಇನ್ ಹೆಸರನ್ನು ಬೇರೊಂದು ನೋಂದಣಿ ಸಂಸ್ಥೆಗೆ ವರ್ಗಾಯಿಸಿ, ಡಾಟ್ ಬಿಟ್ ಹೆಸರೊಂದನ್ನು ಪ್ರಯೋಗಕ್ಕಷ್ಟೇ ಕೊಳ್ಳುತ್ತೇನೆ. ನವೀಕರಣವನ್ನು ಎಂದು ಮಾಡುವುದು ಒಳ್ಳೆಯದು?

ಕೀಲಿಕಾರ:
ಬ್ಲಾಕ್‌ಗಳು ಗಡಿಯಾರದಂತೆ ನಡೆಯುವುದಿಲ್ಲವಾದ್ದರಿಂದ 200ನೆಯ ದಿನವನ್ನೇ ಗುರುತುಹಾಕಿಕೊಳ್ಳಿ.