ಕೈತೋಟದ ಕೊಳದಲ್ಲಿರುವುದು ಪಾಚಿಯೋ, ಹಾವಸೆಯೋ, ಶೈವಲವೋ?

ಪ್ರಶ್ನೆ: ಕೈತೋಟದ ಕೊಳದ ನಿರ್ವಹಣೆಗೆ ಕನ್ನಡದಲ್ಲಿ ಕೈಪಿಡಿ ಸಿದ್ಧವಾಗುತ್ತಿದೆ. ಇಂಗ್ಲಿಷಿನಲ್ಲಿ ‘ಆಲ್ಗೆ’ (algae) ಎಂದಿರುವಲ್ಲೆಲ್ಲ ‘ಪಾಚಿ’ ಹಾಕಿದರೆ ಗೊಂದಲ. ನೀರೇ ಹಸಿರಾದರೂ ಪಾಚಿ, ಎಳೆಎಳೆಯಾಗಿ ತೇಲಿದರೂ ಪಾಚಿ, ದಂಡೆಯ ಕಲ್ಲು ಜಾರಿದರೂ ಪಾಚಿ. ‘ಶೈವಲ’ ಎನ್ನಬಹುದೇ? ‘ಹಾವಸೆ’ ಯಾವುದು? ‘ಪಾಚಿ ಬೆಳವಣಿಗೆಯ ತಡೆಗಟ್ಟುವಿಕೆ’ ಎಂಬ ಶೀರ್ಷಿಕೆ ಸರಿಯೇ?

ಉತ್ತರ: ಶೈವಲ ಪಠ್ಯಪುಸ್ತಕದಲ್ಲೇ ಇರಲಿ, ಸರ್, ಮಾಲಿಗಳ ಬಾಯಲ್ಲಿ ಅದಿಲ್ಲ. ಪಾಚಿ, ತಮಿಳಿನ ಪಾಸಿ, ನಮ್ಮ ಪಚ್ಚೆ ಇವೆಲ್ಲ ಹಸಿರಿನ ಬಳಗದವು. ಹಾಗಾಗಿಯೇ ಈ ಪದ ಕಂಡ ಹಸಿರಿಗೆಲ್ಲ ಅಂಟಿಕೊಳ್ಳುತ್ತದೆ. ಹಾವಸೆ ಹಿಂದೆ ನೀರಿನ ಪಾಚಿಗೂ ಸಲ್ಲುತ್ತಿತ್ತು; ಈಗ ಸಸ್ಯಶಾಸ್ತ್ರದಲ್ಲಿ ‘ಹಾವಸೆ ಸಸ್ಯ’ ಎಂದರೆ ಮಾಸ್ (moss) ಗುಂಪು. ಕಲ್ಲಿನ ಮೇಲಿನ ಮೆತ್ತನೆಯ ಹಸಿರಿಗೆ ಅದನ್ನು ಇಟ್ಟುಕೊಳ್ಳಿ.

ಕೊಳದೊಳಗಿನದಕ್ಕೆ ಎರಡು ಹೆಸರು ಸಾಕು: ‘ಹಸಿರುನೀರು’, ‘ನೂಲುಪಾಚಿ’. ಕೋಲು ತಿರುಗಿಸಿದಾಗ ಸುತ್ತಿಕೊಂಡು ಬಂದರೆ ನೂಲುಪಾಚಿ. ಗಾಜಿನ ಲೋಟದಲ್ಲಿ ನೀರು ಒಂದೇ ಸಮ ಹಸಿರಾಗಿ ಕಂಡರೆ ಏಕಕೋಶದ ಪಾಚಿ, ಅದೇ ಹಸಿರುನೀರು. ಪುಟ್ಟ ಎಲೆ, ಕೆಳಗೆ ಕೂದಲಿನಂಥ ಬೇರು ಕಂಡರೆ ಅದು ಪಾಚಿಯೇ ಅಲ್ಲ, ತೇಲುಗಿಡ. ಈ ಭೇದ ಬರೆಯದಿದ್ದರೆ ಓದುಗರ ದುಡ್ಡು ಹಾಳು: ಯುವಿ (ನೇರಳಾತೀತ ಕಿರಣದ) ದೀಪ ಪಂಪಿನಿಂದ ತನ್ನೆದುರು ಹಾಯುವ ಕೋಶಗಳನ್ನಷ್ಟೇ ಕೊಲ್ಲುತ್ತದೆ, ಕಲ್ಲಿಗಂಟಿದ ನೂಲುಪಾಚಿಗೆ ಅದು ತಾಗುವುದೇ ಇಲ್ಲ. ಅದನ್ನು ಕೋಲಿಗೆ ಸುತ್ತಿ ಎಳೆಯಬೇಕು.

ಶೀರ್ಷಿಕೆಗೆ ‘ಕೊಳ ಪಾಚಿಗಟ್ಟದಂತೆ’ ಸಾಕು. ಹಲ್ಲೂ ತೊಟ್ಟಿಯೂ ‘ಪಾಚಿಗಟ್ಟಿದೆ’ ಎನ್ನುತ್ತೇವಲ್ಲ! ಅದರಡಿ ಬರುವುದು ಬೆಳಕು ಮತ್ತು ಗೊಬ್ಬರದ ಲೆಕ್ಕ: ನೀರಿನ ಮೇಲ್ಮೈಯಲ್ಲಿ ಅರ್ಧದಿಂದ ಮೂರನೇ ಎರಡು ಭಾಗ ನೈದಿಲೆಯ ನೆರಳು, ಮೀನಿಗೆ ಎರಡು ಮೂರು ನಿಮಿಷದಲ್ಲಿ ಮುಗಿಯುವಷ್ಟೇ ಆಹಾರ, ಉದುರೆಲೆ ಕೊಳೆಯುವ ಮೊದಲೇ ಹೊರಗೆ, ಪಾತಿಯ ಗೊಬ್ಬರದ ನೀರು ಒಳಗೆ ಹರಿಯದಂತೆ ಎತ್ತರಿಸಿದ ದಂಡೆ. ಬೋರ್‌ವೆಲ್ ನೀರಲ್ಲಿ ನೈಟ್ರೇಟ್ ಇದ್ದರೆ ಅದನ್ನು ತುಂಬಿಸಿದಷ್ಟೂ ಪಾಚಿಗೆ ಊಟ, ಮಳೆನೀರು ವಾಸಿ.

‘ಪಾಚಿನಾಶಕ’ ಬೇರೆಯೇ ಅಧ್ಯಾಯವಾಗಲಿ. ‘ಕಾಪರ್ ಸಲ್ಫೇಟ್’ ಜೊತೆಗೆ ‘ಮೈಲುತುತ್ತ’ ಎಂದೂ ಬರೆಯಿರಿ, ಬೆಳೆಗೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯುವವರಿಗೆ ತಕ್ಷಣ ತಿಳಿಯುತ್ತದೆ. ಮೆದುನೀರಿನಲ್ಲಿ (ಗಡಸಲ್ಲದ ನೀರಿನಲ್ಲಿ) ಅದು ಮೀನಿಗೂ ವಿಷ. ಪಾಚಿಯೆಲ್ಲ ಒಮ್ಮೆಲೇ ಸತ್ತರೆ ಕೊಳೆಯುವಾಗ ಆಮ್ಲಜನಕ ಹೀರುತ್ತದೆ, ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಿಡುತ್ತವೆ.